ಹೇರಿನ ವಿದ್ಯೆ: ಪೂರೈಕೆಯ ಅಧ್ಯಯನ ಮತ್ತು ತಾಂಡಾದ ಜ್ಞಾನಪರಂಪರೆ

ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ತರಗತಿಗಳಲ್ಲಿ ‘ಪೂರೈಕೆ ಸರಪಳಿ ನಿರ್ವಹಣೆ’ ಎಂಬ ಹೆಸರಿನಿಂದ ಬೋಧಿಸಲಾಗುತ್ತಿರುವ ವಿಷಯವು ವಿಶ್ವವಿದ್ಯಾಲಯದ ಜ್ಞಾನಶಾಖೆಗಳಲ್ಲಿ ತೀರ ಕಿರಿಯದು. ಈ ಹೆಸರು ಸಾರ್ವಜನಿಕ ಬಳಕೆಗೆ ಬಂದದ್ದು 1982ರಲ್ಲಿ. ಕೀತ್ ಆಲಿವರ್ ಎಂಬ ಬ್ರಿಟಿಷ್ ಸಲಹೆಗಾರ ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಇದನ್ನು ಬಳಸಿದನೆಂದು ಈ ಶಾಸ್ತ್ರದ ಚರಿತ್ರಕಾರರು ಗುರುತಿಸುತ್ತಾರೆ. ಆದರೆ ಹೆಸರು ಹುಟ್ಟುವ ಮೊದಲೇ ವಿಷಯವು ತರಗತಿಯನ್ನು ಪ್ರವೇಶಿಸಿತ್ತು. ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1958ರ ಲೇಖನದಲ್ಲಿಯೂ 1961ರ ‘ಇಂಡಸ್ಟ್ರಿಯಲ್ ಡೈನಾಮಿಕ್ಸ್’ ಗ್ರಂಥದಲ್ಲಿಯೂ ಕಾರ್ಖಾನೆಯಿಂದ ಅಂಗಡಿಯವರೆಗಿನ ಸರಕಿನ ಹರಿವನ್ನು ಒಂದೇ ವ್ಯವಸ್ಥೆಯೆಂದು ವಿಶ್ಲೇಷಿಸಿದನು. ಅದೇ 1961ರಲ್ಲಿ ಸ್ಮೈಕೆ, ಬವರ್‌ಸಾಕ್ಸ್ ಮತ್ತು ಮಾಸ್‌ಮನ್ ಎಂಬ ಮೂವರು ಸರಕು ವಿತರಣೆಯ ನಿರ್ವಹಣೆಯನ್ನು ಕುರಿತು ಪಠ್ಯಗ್ರಂಥವೊಂದನ್ನು ಹೊರತಂದರು. ಫಾರೆಸ್ಟರನ ಬಳಗದಲ್ಲಿ ರೂಪುಗೊಂಡ ‘ಬಿಯರ್ ಆಟ’ವನ್ನು ಇಂದಿಗೂ ವಿದ್ಯಾರ್ಥಿಗಳಿಂದ ಆಡಿಸಲಾಗುತ್ತದೆ. ನಾಲ್ವರು ವಿದ್ಯಾರ್ಥಿಗಳು ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ ಮತ್ತು ತಯಾರಕರಾಗಿ ಕುಳಿತು, ಪರಸ್ಪರ ಮಾತಾಡದೆ ಬರಿಯ ಬೇಡಿಕೆ ಚೀಟಿಗಳ ಮೂಲಕ ವ್ಯವಹರಿಸುತ್ತಾರೆ. ಅಂಗಡಿಯ ತುದಿಯಲ್ಲಿನ ಸಣ್ಣದೊಂದು ಏರಿಳಿತ ಕಾರ್ಖಾನೆಯ ತುದಿಗೆ ಮುಟ್ಟುವಷ್ಟರಲ್ಲಿ ದೊಡ್ಡ ಅಲ್ಲೋಲಕಲ್ಲೋಲವಾಗಿರುತ್ತದೆ. 1997ರಲ್ಲಿ ಹೌ ಲೀ ಮತ್ತು ಅವರ ಸಹಲೇಖಕರು ತಮ್ಮ ಬರಹಗಳ ಮೂಲಕ ಪ್ರಸಿದ್ಧಗೊಳಿಸಿದ ಹೆಸರಿನಂತೆ ಇದು ‘ಬುಲ್‌ವಿಪ್’ ಪರಿಣಾಮ. ಬುಲ್‌ವಿಪ್ ಎಂದರೆ ದನ ಹೊಡೆಯುವ ಬಾರುಕೋಲು. ಹಿಡಿಯಲ್ಲಿ ಕೈ ತುಸು ಅಲುಗಿದರೆ ಬಾರಿನ ತುದಿ ಗಾಳಿಯನ್ನೇ ಸೀಳುತ್ತದೆ. ಬಾರುಕೋಲು ಹಿಡಿದವನ ಅನುಭವವು ಹೀಗೆ ಉಪಮೆಯಾಗಿ ತರಗತಿಯೊಳಕ್ಕೆ ಬಂದಿತು. ಬಾರುಕೋಲು ಹಿಡಿದವನು ಬರಲಿಲ್ಲ.

ದಖ್ಖನ್ ಪ್ರಸ್ಥಭೂಮಿಯ ಮಟ್ಟಿಗೆ ಈ ಮಾತು ಉಪಮೆಯನ್ನು ಮೀರಿದ ಚಾರಿತ್ರಿಕ ಸಂಗತಿ. ಧಾನ್ಯ ಮತ್ತು ಉಪ್ಪನ್ನು ನೂರಾರು ಮೈಲಿ ಸಾಗಿಸುವ ವಿದ್ಯೆಯನ್ನು ಇಲ್ಲಿ ಶತಮಾನಗಳ ಕಾಲ ಕಲಿತು ಕಲಿಸಿದ ಸಮುದಾಯವೆಂದರೆ ಲಂಬಾಣಿ ಅಥವಾ ಬಂಜಾರರದು. ಆ ವಿದ್ಯೆ ಯಾವ ಬಗೆಯದಾಗಿತ್ತು, ಅದು ಬರಹದ ಲೋಕವನ್ನು ಯಾವ ಬಾಗಿಲಿನಿಂದ ಪ್ರವೇಶಿಸಿತು, ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅದು ಯಾವ ವಿಭಾಗದ ಪಾಲಾಯಿತು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಸಾಗಾಣಿಕೆಯ ಪರಿಭಾಷೆ ಕನ್ನಡದಲ್ಲಿ ಹಳೆಯದು. ಶಾಸನಗಳಲ್ಲಿ ಸುಂಕವನ್ನು ಹೇರು, ಹೊರೆ, ತಲೆಹೊರೆ ಮುಂತಾದ ಅಳತೆಗಳ ಮೇಲೆ ವಿಧಿಸಲಾಗಿದೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಉಲ್ಲೇಖ ಚಾಲುಕ್ಯರ ಕಾಲದ ದತ್ತಿಶಾಸನಗಳಲ್ಲಿ ಹೇರಳವಾಗಿದೆ. ಅಯ್ಯಾವೊಳೆ ಐನೂರ್ವರು ಸಂಚರಿಸಿದ ನಾಡುಗಳನ್ನೂ ಮಾರಿದ ಸರಕುಗಳನ್ನೂ ಶಿಕಾರಿಪುರ ಪ್ರದೇಶದ 11ನೆಯ ಶತಮಾನದ ಶಾಸನ ವಿಸ್ತಾರವಾಗಿ ಎಣಿಸುತ್ತದೆ. ಆದರೆ ಈ ಶಾಸನಗಳು ಒಡೆಯನ ಪ್ರಶಸ್ತಿಯನ್ನು ಹಾಡುತ್ತವೆಯೇ ಹೊರತು ಹೊತ್ತವನ ದಾರಿಯನ್ನು ಹೇಳುವುದಿಲ್ಲ. ಎತ್ತಿನ ಬೆನ್ನಿನ ಇಬ್ಬದಿಗೂ ಇಳಿಬೀಳುವ ಜೋಡಿಚೀಲಕ್ಕೆ ಕನ್ನಡದಲ್ಲಿ ಕಂಟಲೆ ಎಂಬ ಹೆಸರಿದೆ. ಚೀಲದ ಗೋಣಿಯು ಇಂಗ್ಲಿಷಿನಲ್ಲಿ ‘ಗನ್ನಿ’ಯಾಗಿ ಲೋಕ ಸುತ್ತಿದೆ. ಹೊತ್ತವನ ಬಗೆಗೆ ಬರಹಕ್ಕಿಂತ ಹೆಚ್ಚು ವಿಷಯವನ್ನು ಇಂಥ ಪದಗಳೇ ಉಳಿಸಿಕೊಂಡಿವೆ.

‘ತಾಂಡಾ’ ಎಂಬುದೂ ಅಂಥದೇ ಪದ. ಇಂದು ಅದಕ್ಕೆ ಲಂಬಾಣಿಗರ ನೆಲೆಯೂರು ಎಂಬ ಅರ್ಥ ಮಾತ್ರ ಉಳಿದಿದೆ. 1632ರಲ್ಲಿ ಉತ್ತರ ಭಾರತದಲ್ಲಿ ಪ್ರಯಾಣ ಮಾಡುತ್ತಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ತಾನು ಎದುರುಗೊಂಡ 14,000 ಎತ್ತುಗಳ ಚಲಿಸುವ ಸಾಲನ್ನು ‘ತಾಂಡಾ’ ಎಂದು ಕರೆದಿದ್ದಾನೆ. ನಡೆಯುವುದಕ್ಕೆ ಇದ್ದ ಹೆಸರು ನಿಂತದ್ದಕ್ಕೆ ಅಂಟಿಕೊಂಡಿರುವುದು ಈ ಸಮುದಾಯದ ಮುನ್ನೂರು ವರ್ಷಗಳ ಚರಿತ್ರೆಯ ಸಂಕ್ಷೇಪವೇ ಸರಿ. ಮಂಡಿ ಕಂಡ ಎತ್ತುಗಳ ಮೇಲೆ ಗೋದಿ, ಅಕ್ಕಿ ಮುಂತಾದ ಧಾನ್ಯಗಳಿದ್ದವು. ಒಂದೊಂದು ಎತ್ತು ನೂರೇ ಕಿಲೋ ಹೊತ್ತಿತ್ತೆಂದು ಕಡಿಮೆಯಾಗಿಯೇ ಲೆಕ್ಕ ಹಿಡಿದರೂ ಒಟ್ಟು 1,400 ಟನ್ ಆಗುತ್ತದೆ. ಅಂದರೆ ಹತ್ತು ಟನ್ ಸಾಮರ್ಥ್ಯದ 140 ಲಾರಿಗಳ ಸರಕು. ಹೆಂಡತಿ ಮಕ್ಕಳ ಸಮೇತ ಸಾಗುವ ಈ ಜನ ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುವುದಿಲ್ಲವೆಂದೂ ಆತ ಗಮನಿಸಿದ್ದಾನೆ. ಅದೇ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ವರ್ಣಿಸುತ್ತ, ಈ ಸಾಗಾಣಿಕೆದಾರರಲ್ಲಿ ನಾಲ್ಕು ಪಂಗಡಗಳಿದ್ದು ಗೋದಿಯಂಥ ಧಾನ್ಯ, ಅಕ್ಕಿ, ಬೇಳೆಕಾಳು, ಉಪ್ಪು ಎಂಬ ನಾಲ್ಕರಲ್ಲಿ ಒಂದೊಂದು ಪಂಗಡ ಒಂದೊಂದನ್ನೇ ಸಾಗಿಸುತ್ತದೆ ಎಂದಿದ್ದಾನೆ. ನಾಲ್ಕು ಪಂಗಡಗಳ ಈ ವಿಂಗಡಣೆ ಅಷ್ಟು ಅಚ್ಚುಕಟ್ಟಾಗಿ ನಡೆಯುತ್ತಿತ್ತೆಂದು ನಂಬುವುದು ಕಷ್ಟ. ಪ್ರವಾಸಿಗಳಿಗೆ ಅಚ್ಚುಕಟ್ಟಿನ ಮೋಹ ಹೆಚ್ಚು. ಆದರೂ ಸರಕಿನ ಆಧಾರದ ಮೇಲೆ ಕೆಲಸ ಹಂಚಿಹೋಗಿದ್ದಿತೆಂಬ ಅವನ ಮಾತಿನ ತಿರುಳನ್ನು ತಳ್ಳಿಹಾಕಬೇಕಾಗಿಲ್ಲ.

ಆರೇಳು ಮೈಲಿಯ ನಡಿಗೆಯನ್ನು ಓದಿದವರು ಸಾಮಾನ್ಯವಾಗಿ ಇದನ್ನು ಹಿಂದುಳಿದ ಸಾರಿಗೆಯ ಗುರುತೆಂದು ಭಾವಿಸುತ್ತಾರೆ. ವಸ್ತುಸ್ಥಿತಿ ಬೇರೆ. ಧಾನ್ಯ ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ. ಬಂಡಿಯಲ್ಲಿ ಹಾಕಿ, ಕೊಂಡ ಮೇವನ್ನು ತಿನ್ನಿಸಿ ದೂರಕ್ಕೆ ಒಯ್ದರೆ ಮೇವಿನ ಖರ್ಚು ಧಾನ್ಯದ ಬೆಲೆಯನ್ನೇ ನುಂಗುತ್ತದೆ. ತಾಂಡಾದ ಎತ್ತು ದಾರಿಯಲ್ಲಿ ಮೇಯುತ್ತ ನಡೆಯುತ್ತದೆ. ಬೆಳಗಿನ ತಂಪಿನಲ್ಲಿ ನಡಿಗೆ, ಉಳಿದ ಹೊತ್ತು ಮೇವು. ಹೀಗೆ ವೇಗವನ್ನು ಬಿಟ್ಟುಕೊಟ್ಟು ಖರ್ಚನ್ನು ಉಳಿಸಿಕೊಂಡ ಈ ಲೆಕ್ಕಾಚಾರವೇ ದೂರದ ಧಾನ್ಯ ವ್ಯಾಪಾರವನ್ನು ಸಾಧ್ಯವಾಗಿಸಿತು. ರಸ್ತೆಯಿಲ್ಲದ ಘಟ್ಟ, ಕಲ್ಲು ಬೋರೆ, ಬೇಸಿಗೆಯ ಹೊಳೆಪಾತ್ರ ಎಲ್ಲವೂ ಅದಕ್ಕೆ ದಾರಿ. ಮಳೆಗಾಲದಲ್ಲಿ ಮಾತ್ರ ನಡೆ ನಿಲ್ಲುತ್ತಿತ್ತು.

ಈ ವೃತ್ತಿಗೆ ಲಂಬಾಣಿ ನುಡಿಯಲ್ಲಿ ‘ಲದೇಣಿ’ ಎಂದು ಹೆಸರು. ಲದೇಣಿಯ ವಿದ್ಯೆಗೆ ಶಾಲೆ ಇರಲಿಲ್ಲವಾದರೂ ಕಲಿಕೆ ಇತ್ತು, ಕಲಿಕೆಗೆ ಕ್ರಮವೂ ಇತ್ತು. ತಾಂಡಾದ ನಾಯಕನೇ ದಾರಿಯನ್ನೂ ತಂಗುದಾಣವನ್ನೂ ಬೆಲೆಯನ್ನೂ ನಿರ್ಧರಿಸುವವನು. ಹುಲ್ಲು ನೀರು ಎರಡೂ ಸಾವಿರಾರು ದನಗಳಿಗೆ ಸಾಲುವಂತಿರಬೇಕು. ಹಿಂದಿನ ವಾರ ಇನ್ನೊಂದು ತಾಂಡಾ ಅಲ್ಲಿ ತಂಗಿ ಹೋಗಿರಬಾರದು. ಹತ್ತಿರದ ಊರಿನವರೊಡನೆ ಮೇವಿನ ತಂಟೆ ಬರಬಾರದು. ಬೀಡು ಬಿಟ್ಟಾಗ ಹೇರಿಳಿಸಿದ ಚೀಲಗಳನ್ನು ಸುತ್ತಲೂ ಗೋಡೆಯಂತೆ ಒಟ್ಟಿ ಅದನ್ನೇ ಕೋಟೆಯಾಗಿಸಿಕೊಳ್ಳುತ್ತಿದ್ದರು. ಸರಕೇ ಸರಕಿನ ಕಾವಲು. ಹೇರನ್ನು ಎಂದೂ ಹೊರದ, ಕವಡೆ ಗಂಟೆಗಳಿಂದ ಅಲಂಕೃತವಾದ ಒಂದು ಎತ್ತು ಬಾಲಾಜಿಗೆ ಮೀಸಲಾಗಿದ್ದು, ಅದನ್ನು ‘ಹತಾಡಿಯಾ’ ಎಂದು ಪೂಜಿಸುತ್ತಿದ್ದರೆಂದು 19ನೆಯ ಶತಮಾನದ ವರದಿಗಳು ಹೇಳುತ್ತವೆ. ಜನಾಂಗವರ್ಣನಕಾರರು ಇದನ್ನು ಪಶುಪೂಜೆಯ ಶೀರ್ಷಿಕೆಯ ಕೆಳಗೆ ಬರೆದು ಮುಂದೆ ಸಾಗಿದ್ದಾರೆ. ಆದರೆ ಕಾಯಿಲೆ ಬಿದ್ದವರು ಆ ಎತ್ತಿನ ಕಾಲಿಗೆ ಎರಗುತ್ತಿದ್ದರೆಂಬ ವಿವರವನ್ನು, ಇಡೀ ಸಮುದಾಯದ ಅನ್ನ ದನದ ಆರೋಗ್ಯದ ಮೇಲೆ ನಿಂತಿತ್ತೆಂಬ ಸಂಗತಿಯ ಜೊತೆಗಿಟ್ಟು ಓದಬೇಕಾಗುತ್ತದೆ. ಆಚರಣೆ ಇಲ್ಲಿ ಪಾಠವೂ ಹೌದು. ಕರುವಿನ ಜೊತೆ ನಡೆಯುತ್ತ ಬೆಳೆದ ಹುಡುಗನಿಗೆ ದನದ ಗೊರಸು, ಬೆನ್ನಿನ ಹುಣ್ಣು, ಹೇರಿನ ಸಮತೂಕ ಇವು ಬೇರೆ ಬೇರೆ ವಿಷಯಗಳಾಗಿ ಬರುತ್ತಿರಲಿಲ್ಲ.

ಮೌಖಿಕ ಪರಂಪರೆಯಲ್ಲಿ ಈ ವೃತ್ತಿಯ ಹೆಮ್ಮೆ ಗಟ್ಟಿಯಾಗಿದೆ. ಶಹಜಹಾನನ ಕಾಲದ ದಖ್ಖನ್ ದಂಡಯಾತ್ರೆಗೆ ಭಂಗಿ ಮತ್ತು ಜಂಗಿ ಎಂಬ ನಾಯಕರು 1,80,000 ಎತ್ತುಗಳೊಡನೆ ಬಂದರೆಂದೂ, ವಜೀರ ಆಸಫ್ ಖಾನ್ ಅವರಿಗೆ ತಾಮ್ರಪತ್ರವೊಂದನ್ನು ಕೊಟ್ಟನೆಂದೂ ಬಂಜಾರರ ಹೇಳಿಕೆಯಿದೆ. ಹರವಿಯ ನೀರು, ಸೂರಿನ ಹುಲ್ಲು ಇವನ್ನು ಕೇಳದೆ ತೆಗೆದುಕೊಳ್ಳುವ ಹಕ್ಕು, ದಿನಕ್ಕೆ ಮೂರು ಕೊಲೆಗಳ ಮಾಫಿ, ಆಸಫನ ಕುದುರೆ ಇದ್ದಲ್ಲಿ ತಮ್ಮ ಎತ್ತು ಇರುವುದೆಂಬ ಮಾನ್ಯತೆ ಇವು ಅದರ ಸಾರ. ಬೇರಾರಿನ ಅಧಿಕಾರಿ ಕಂಬರ್ಲೆಜ್ ಬಂಜಾರರನ್ನು ಕುರಿತ ತನ್ನ 1882ರ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಎತ್ತುಗಳ ಸಂಖ್ಯೆಯನ್ನು ಅಕ್ಷರಶಃ ಸ್ವೀಕರಿಸಬೇಕಾಗಿಲ್ಲ. ಸೇನೆ ಮತ್ತು ತಾಂಡಾಗಳ ನಡುವಿನ ಒಪ್ಪಂದದ ಅಂಶಗಳನ್ನು ಜನಸ್ಮೃತಿ ಯಾವ ಕ್ರಮದಲ್ಲಿ ಜೋಡಿಸಿದೆ ಎಂಬುದು ಹೆಚ್ಚು ಮುಖ್ಯ. ಮೊದಲು ನೀರು, ಆಮೇಲೆ ಮೇವು, ಆಮೇಲೆ ರಕ್ಷಣೆ, ಕೊನೆಯಲ್ಲಿ ಗೌರವ.

ಈ ವಿದ್ಯೆ ಬರಹದ ಲೋಕಕ್ಕೆ, ಅದರಲ್ಲಿಯೂ ಸೈನಿಕ ಬರಹಕ್ಕೆ, ವ್ಯಾಪಕವಾಗಿ ಪ್ರವೇಶಿಸಿದ್ದು ಮೈಸೂರು ಯುದ್ಧಗಳ ಸಂದರ್ಭದಲ್ಲಿ. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಹೊರಟನು. ಟಿಪ್ಪು ಸುಲ್ತಾನನು ದಾರಿಯುದ್ದಕ್ಕೂ ಮೇವನ್ನೂ ಧಾನ್ಯವನ್ನೂ ನಾಶಮಾಡಿಸಿದ್ದನು. ಮೇ 15ರ ಅರಕೆರೆಯ ಕಾಳಗದಲ್ಲಿ ಕಾರ್ನ್‌ವಾಲಿಸನಿಗೆ ಗೆಲುವೇ ದೊರೆಯಿತು. ಆದರೆ ಗೆದ್ದ ಸೇನೆ ಒಂದೆರಡು ವಾರಗಳಲ್ಲಿ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದು ಹಿಂದಿರುಗಬೇಕಾಯಿತು. ಬಾಡಿಗೆಯ ಎತ್ತುಗಳು ಮೇವಿಲ್ಲದೆ, ರೋಗ ತಗುಲಿ ಸತ್ತಿದ್ದವು, ಸೈನಿಕರು ಫಿರಂಗಿಗಳನ್ನು ಕೈಯಾರೆ ಎಳೆದಿದ್ದರು, ಪಡಿ ಕಡಿತವಾಗಿತ್ತು. ವಿಪರ್ಯಾಸವೆಂದರೆ, ಧಾನ್ಯಸಮೃದ್ಧವಾದ ಪೇಟೆಯೊಡನೆ ಮರಾಠರ ಸೇನೆ ಆ ಹೊತ್ತಿಗೆ ಕೆಲವೇ ದಿನಗಳ ದೂರದಲ್ಲಿತ್ತು. ಟಿಪ್ಪುವಿನ ಸವಾರರು ಹರಕಾರರನ್ನು ತಡೆದುದರಿಂದ ಆ ಸುದ್ದಿ ಕಾರ್ನ್‌ವಾಲಿಸನಿಗೆ ಸಕಾಲದಲ್ಲಿ ತಲಪಲಿಲ್ಲ. ಮೇಲುಕೋಟೆಯ ಸನಿಹದಲ್ಲಿ ಎರಡು ಸೇನೆಗಳು ಸೇರಿದಾಗ ಹಸಿದ ಸಿಪಾಯಿಗಳು ಮರಾಠರ ಪೇಟೆಯಲ್ಲಿ ದುಬಾರಿ ಬೆಲೆಗೆ ಧಾನ್ಯ ಕೊಂಡರು. ಫಾರೆಸ್ಟರನ ಆಟದಲ್ಲಿ ಮಾತಾಡದೆ ಕುಳಿತ ನಾಲ್ವರಿಗೆ ಆಗುವುದು ಇದೇ. ಸರಕಿದ್ದರೂ ಸುದ್ದಿಯಿಲ್ಲದಿದ್ದರೆ ಕೊರತೆಯೇ.

ಇದರಿಂದ ಕಂಪನಿ ಸರಕಾರ ಕಲಿತ ಪಾಠ ಮುಂದಿನ ಎಂಟು ತಿಂಗಳುಗಳಲ್ಲಿ ಕಾಣುತ್ತದೆ. ಮಳೆಗಾಲ ಕಳೆಯುವ ಹೊತ್ತಿಗೆ ಇಂಗ್ಲಿಷ್ ದಾಖಲೆಗಳು ‘ಬ್ರಿಂಜಾರಿ’ಗಳೆಂದು ಕರೆಯುವ ಬಂಜಾರ ನಾಯಕರನ್ನು ಒಲಿಸಿಕೊಳ್ಳುವ ಪ್ರಯತ್ನ ತೀವ್ರಗೊಂಡಿತು. ಅಲ್ಲಿಯವರೆಗೆ ಬೇಹಿನ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ಗೆ ಧಾನ್ಯ ಪೂರೈಕೆಯ ಹೊಣೆಯೂ ಬಂದಿತು. ಬೇಹು ಮತ್ತು ಪೂರೈಕೆ ಒಬ್ಬನ ಕೈಗೇ ಬಂದುದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ; ಎಲ್ಲಿ ಧಾನ್ಯವಿದೆ, ಯಾವ ದಾರಿ ತೆರೆದಿದೆ ಎಂಬುದನ್ನು ಬಲ್ಲವರು ತಾಂಡಾದವರೇ ಆಗಿದ್ದರು. ನಂದಿದುರ್ಗ ಅಕ್ಟೋಬರಿನಲ್ಲಿಯೂ ಸಾವನದುರ್ಗ ಡಿಸೆಂಬರಿನಲ್ಲಿಯೂ ಕಂಪನಿಯ ವಶವಾಗಿ ದಾರಿಗಳು ತೆರೆದುಕೊಂಡವು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಅವನ ಹಿಂದೆ ತಾಂಡಾಗಳ ಸಾಲು ಇತ್ತು. ಡೈರಮ್ 1793ರಲ್ಲಿ, ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತಗಳು ಬ್ರಿಂಜಾರಿಗಳ ಬಗೆಗೆ ಬರೆದಿವೆ. ಅದು ಬಳಸುವವನ ದೃಷ್ಟಿಯ ಬರಹ. ಎತ್ತು ಎಷ್ಟು, ಧಾನ್ಯ ಎಷ್ಟು, ನಂಬಬಹುದೇ ಇಲ್ಲವೇ ಎಂಬಲ್ಲಿಗೆ ಅದರ ಕುತೂಹಲ ಮುಗಿಯುತ್ತದೆ.

ಯುದ್ಧದ ಇನ್ನೊಂದು ಬದಿಯಲ್ಲಿ, ರಾಜ್ಯವೇ ನಡೆಸಿದ ಪೂರೈಕೆಯ ಸಂಸ್ಥೆಯೊಂದಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಹೈದರನು ಬೆಳೆಸಿದನು, ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟು ತಳಿ, ಕಾವಲು, ಲೆಕ್ಕ ಇವುಗಳಿಗೆ ಲಿಖಿತ ನಿಯಮಗಳನ್ನು ಮಾಡಿದನು. 1799ರ ನಂತರ ಈ ದನಗಳು ಕಂಪನಿಗೆ ಸೇರಿ, ಆರ್ಥರ್ ವೆಲ್ಲೆಸ್ಲಿಯ ದಖ್ಖನಿನ ದಂಡಯಾತ್ರೆಗಳಲ್ಲಿ ದುಡಿದವು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಈ ಮಂದೆಯನ್ನು ಮಾರಿಹಾಕಿ, ಕೆಲವೇ ವರ್ಷಗಳಲ್ಲಿ ತಪ್ಪನ್ನು ಅರಿತು ಮತ್ತೆ ಕಟ್ಟಬೇಕಾಯಿತು. ಅಮೃತ ಮಹಲಿನ ಚರಿತ್ರೆ ಸಾಕಷ್ಟು ಬರಹಕ್ಕೆ ಬಂದಿದೆ, ಏಕೆಂದರೆ ಅದಕ್ಕೆ ದಫ್ತರಗಳಿದ್ದವು. ತಾಂಡಾದ ದಫ್ತರ ನಾಯಕನ ನೆನಪಿನಲ್ಲಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಂಡಿರಸ್ತೆಗಳು, ಆಮೇಲೆ ರೈಲು, ಲದೇಣಿಯನ್ನು ಹಂತ ಹಂತವಾಗಿ ಮುರಿದವು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಇಳಿಯುತ್ತಿದ್ದ ಘಟ್ಟದ ದಾರಿಯಲ್ಲಿ ಹೇರೆತ್ತುಗಳ ಜಾಗವನ್ನು ಬಂಡಿಗಳು ಆಕ್ರಮಿಸಿದವು. ಉದ್ಯೋಗ ಕಳೆದುಕೊಂಡ ಅಲೆಮಾರಿಯನ್ನು ವಸಾಹತು ಆಡಳಿತ ಅನುಮಾನದಿಂದ ನೋಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ವ್ಯಾಪ್ತಿಗೆ ಮುಂದೆ ಕೆಲವು ಪ್ರಾಂತ್ಯಗಳಲ್ಲಿ ಲಂಬಾಣಿ ಗುಂಪುಗಳೂ ಒಳಪಟ್ಟವು. ಕಾಯಿದೆ ರದ್ದಾದುದು 1952ರಲ್ಲಿ. ದಾರಿಗಳನ್ನು ಬಲ್ಲವನೆಂಬುದು ಕಾರ್ನ್‌ವಾಲಿಸನ ಕಾಲದಲ್ಲಿ ಅರ್ಹತೆಯಾಗಿತ್ತು, ಎಂಬತ್ತು ವರ್ಷಗಳ ನಂತರ ಅದೇ ಆರೋಪವಾಯಿತು.

1876–78ರ ಮಹಾಕ್ಷಾಮ ಹೊಸ ವ್ಯವಸ್ಥೆಯ ಮಿತಿಯನ್ನು ತೋರಿಸಿತು. ಆ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಇದ್ದದ್ದು 1864ರಲ್ಲಿ ಆರಂಭವಾದ ಜೋಲಾರಪೇಟೆ–ಬೆಂಗಳೂರು ರೈಲುಮಾರ್ಗ ಒಂದೇ. ಮದರಾಸಿನಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿಗೆ ಬಂದಿತು. ನಿಲ್ದಾಣದಿಂದಾಚೆಗೆ ಅದನ್ನು ಒಯ್ಯಲು ಬಂಡಿಗಳಿರಲಿಲ್ಲ, ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಇಲ್ಲವಾಯಿತು. ಲದೇಣಿ ಉಳಿದಿದ್ದರೆ ಈ ಸಾವುಗಳು ತಪ್ಪುತ್ತಿದ್ದವೆಂದು ವಾದಿಸುವುದು ಸರಿಯಾಗಲಾರದು. ಮೇವಿಲ್ಲದ ನಾಡಿನಲ್ಲಿ ಮೇಯುತ್ತ ನಡೆಯುವ ಎತ್ತಿಗೂ ದಾರಿಯಿಲ್ಲ. ಆದರೆ ಪಠ್ಯಗ್ರಂಥಗಳು ಇಂದು ‘ಕೊನೆಯ ಮೈಲಿ’ಯ ಸಮಸ್ಯೆಯೆಂದು ಅಧ್ಯಾಯ ಮಾಡಿ ಕಲಿಸುವುದನ್ನು ಈ ನಾಡು ಲಕ್ಷಾಂತರ ಜೀವಗಳ ಬೆಲೆ ತೆತ್ತು ಕಲಿತಿತ್ತೆಂಬುದು ಆ ಅಧ್ಯಾಯದಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಕುಲಪತಿಯಾದ ಎಚ್.ವಿ. ನಂಜುಂಡಯ್ಯನವರು ಅದಕ್ಕೂ ಮೊದಲೇ ಸಂಸ್ಥಾನದ ಜನಾಂಗೀಯ ಸಮೀಕ್ಷೆಯ ಹೊಣೆ ಹೊತ್ತವರು. ಆ ಸಾಮಗ್ರಿಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ‘ಮೈಸೂರು ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ ಎಂಬ ಸಂಪುಟಗಳಾಗಿ ಮುಂದೆ ಬೆಳೆಸಿದರು. ಅಲ್ಲಿ ಲಂಬಾಣಿಗರ ಬಗೆಗೆ ಬರಹವಿದೆ. 1909ರ ಥರ್ಸ್‌ಟನ್ನನ ಸಂಪುಟಗಳಲ್ಲಿಯೂ ಇದೆ. ಮದುವೆ, ಸೂತಕ, ಆಣೆ, ಉಡುಗೆ, ದೈವ ಇವು ವಿವರವಾಗಿ ಬರುತ್ತವೆ. ಸಾಗಾಣಿಕೆಯಾದರೋ ಹಳೆಯ ಪ್ರವಾಸಿಗಳ ಮತ್ತು ಸೇನಾಧಿಕಾರಿಗಳ ಮಾತುಗಳ ಉದ್ಧರಣೆಯಾಗಿ ಮುಖ್ಯವಾಗಿ ಬರುತ್ತದೆ. ಲದೇಣಿಯನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಬದುಕಿದ್ದ ಕಾಲ ಅದು. ಒಂದು ಹೇರಿನ ಮೇಲೆ ಎಷ್ಟು ಉಳಿಯುತ್ತಿತ್ತು, ಸತ್ತ ಎತ್ತಿನ ನಷ್ಟವನ್ನು ಯಾರು ಭರಿಸುತ್ತಿದ್ದರು, ಎರಡು ತಾಂಡಾಗಳ ದಾರಿ ಕೂಡಿದರೆ ಯಾರು ತಡೆದು ನಿಲ್ಲುತ್ತಿದ್ದರು ಎಂದು ಅವರನ್ನು ಕೇಳಿದವರು ವಿರಳ. ಮುಂದಿನ ಜಾನಪದ ಅಧ್ಯಯನವೂ ಈ ದೋಷದಿಂದ ಮುಕ್ತವಾಗಿಲ್ಲ. 1970ರ ದಶಕದಲ್ಲಿ ಮೈಸೂರಿನಲ್ಲಿ ಜಾನಪದ ಸ್ನಾತಕೋತ್ತರ ವಿಷಯವಾಗಿ ನೆಲೆಗೊಂಡಿತು. ಅದೇ ದಶಕದಲ್ಲಿ, 1973ರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆ ಆರಂಭವಾಯಿತು. ಒಂದು ಕಡೆ ತಾಂಡಾದ ಹಾಡು ಕುಣಿತ ಕಸೂತಿಗಳ ಸಂಗ್ರಹ ನಡೆಯಿತು, ಇನ್ನೊಂದು ಕಡೆ ಸರಕಿನ ಹರಿವಿನ ಲೆಕ್ಕ. ಎರಡು ಊರುಗಳ ನಡುವಿನ ನೂರೈವತ್ತು ಕಿಲೋಮೀಟರಿಗೂ ಕಡಿಮೆ ದಾರಿಯನ್ನು ಈ ಎರಡು ಶಾಸ್ತ್ರಗಳು ಕ್ರಮಿಸಿದ ನಿದರ್ಶನಗಳು ಅಪರೂಪ.

ಹೊರಗಿನ ವಿದ್ವಾಂಸರು ಈ ದಿಕ್ಕಿನಲ್ಲಿ ಕೆಲಸ ಮಾಡಿಲ್ಲವೆಂದಲ್ಲ. ಉತ್ತರ ಭಾರತದ ಬಂಜಾರರನ್ನು ಸಾಗಾಣಿಕೆದಾರರೆಂದೇ ವಿವೇಚಿಸಿದ ರಾಬರ್ಟ್ ವರಾಡಿಯ ಲೇಖನ 1979ರಲ್ಲಿ ಪ್ರಕಟವಾಯಿತು. ಇರ್ಫಾನ್ ಹಬೀಬರು ಮೊಘಲರ ಕಾಲದ ಅರ್ಥವ್ಯವಸ್ಥೆಯಲ್ಲಿ ಅವರ ಸ್ಥಾನವನ್ನು ಚರ್ಚಿಸಿದ್ದಾರೆ. ಅವು ಚರಿತ್ರೆಯ ವಿಭಾಗದಲ್ಲಿಯೇ ಉಳಿದವು. ನಿರ್ವಹಣಾಶಾಸ್ತ್ರಕ್ಕೆ ಓದುಬರಹ ಕಡಿಮೆಯಿರುವ ಸಮುದಾಯದ ಬಗೆಗೆ ಸಹಜವಾದ ತಿರಸ್ಕಾರವಿದೆ ಎಂದೂ ಹೇಳಲಾಗದು. ಮುಂಬಯಿಯ ಡಬ್ಬಾವಾಲಾಗಳ ಕೆಲಸವನ್ನು ಹಾರ್ವರ್ಡಿನ ವ್ಯವಹಾರ ಶಾಲೆ 2010ರಲ್ಲಿ ಬೋಧನೆಯ ಪ್ರಕರಣವಾಗಿ ಪ್ರಕಟಿಸಿತು. ಡಬ್ಬಿಯ ಮೇಲಿನ ಗುರುತುಗಳನ್ನು ಓದಲು ವಿದೇಶದ ವಿದ್ಯಾರ್ಥಿಗಳೂ ಕಲಿಯುತ್ತಾರೆ. ಡಬ್ಬಾವಾಲಾ ಇಂದಿಗೂ ರೈಲು ಹತ್ತುತ್ತಾನೆ, ಅವನನ್ನು ಗಡಿಯಾರ ಹಿಡಿದು ಅಳೆಯಬಹುದು. ತಾಂಡಾ ನಿಂತುಹೋಗಿದೆ, ಅದನ್ನು ಅಳೆಯಲು ಭಾಷೆ, ಸ್ಮೃತಿ, ಆಚರಣೆಗಳನ್ನು ಓದಬಲ್ಲವರು ಬೇಕು. ಜಾನಪದ ಶಾಸ್ತ್ರದ ಹೊಣೆ ಇಲ್ಲಿ ಆರಂಭವಾಗುತ್ತದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪಿತವಾಗಿದೆ. ಸಾರಿಗೆ ಮತ್ತು ಪೂರೈಕೆಯ ಅಧ್ಯಯನಕ್ಕೆಂದೇ ವಡೋದರಾದಲ್ಲಿ ಗತಿಶಕ್ತಿ ಕೇಂದ್ರೀಯ ವಿಶ್ವವಿದ್ಯಾಲಯ 2022ರಲ್ಲಿ ರೂಪುಗೊಂಡಿದೆ. ಲದೇಣಿಯ ಪರಿಭಾಷಾಕೋಶ, ತಂಗುದಾಣಗಳ ನಕ್ಷೆ, ಹಳೆಯ ಸುಂಕದ ಕಟ್ಟೆಗಳ ಪಟ್ಟಿ ಇವು ಎರಡು ಬಗೆಯ ಸಂಸ್ಥೆಗಳೂ ಕೂಡಿ ಮಾಡಬಹುದಾದ ಕೆಲಸಗಳು.

ಇಂಥ ಅಧ್ಯಯನಕ್ಕೆ ಒಂದು ಅಪಾಯವೂ ಇದೆ. ನಮ್ಮ ಪೂರ್ವಿಕರಿಗೆ ಈ ಶಾಸ್ತ್ರವೆಲ್ಲ ಮೊದಲೇ ತಿಳಿದಿತ್ತೆಂಬ ಉತ್ಸಾಹದ ಹೇಳಿಕೆಗಳು ಜಾನಪದ ಬರಹಗಳಲ್ಲಿ ಹೇರಳ. ಅವುಗಳಿಂದ ತಾಂಡಾಕ್ಕೆ ಯಾವ ಉಪಕಾರವೂ ಆಗದು. ಫಾರೆಸ್ಟರನ ಸಮೀಕರಣಗಳು ಯಾವ ನಾಯಕನಿಗೂ ಗೊತ್ತಿರಲಿಲ್ಲ. ನಾಯಕನಿಗೆ ಗೊತ್ತಿದ್ದುದು ಬೇರೆ, ಅದನ್ನು ಅದರದೇ ಮಾತಿನಲ್ಲಿ ಗ್ರಹಿಸಬೇಕು. ಲದೇಣಿಯನ್ನು ಲೋಕೋಪಕಾರವೆಂದು ಚಿತ್ರಿಸುವುದೂ ಸಲ್ಲದು. ಅಗ್ಗವಿದ್ದಲ್ಲಿ ಕೊಂಡು ಕೊರತೆಯಿದ್ದಲ್ಲಿ ಮಾರುವುದೇ ಅದರ ಲಾಭದ ಮೂಲ. ಸೇನೆ ಯಾರದೇ ಆಗಲಿ, ಬೆಲೆ ಕೊಟ್ಟರೆ ಧಾನ್ಯ ಒದಗುತ್ತಿತ್ತು. ಹೆಂಗಸರ ದುಡಿಮೆಯಂತೂ ಎಲ್ಲ ಬಗೆಯ ದಾಖಲೆಗಳಲ್ಲಿಯೂ ಮರೆಯಾಗಿದೆ. ಬೀಡು ಕಟ್ಟಿ, ಬೀಡು ಕೀಳುವ ಕೆಲಸವಿಲ್ಲದೆ ತಾಂಡಾ ಒಂದು ಮೈಲಿಯೂ ಸಾಗಲಾರದಾಗಿದ್ದರೂ ಪ್ರವಾಸಿಗಳು ಅವರ ಆಭರಣಗಳನ್ನು ಮಾತ್ರ ಎಣಿಸಿದರು.

ಸೇವಾಲಾಲರ ಜನ್ಮಸ್ಥಳವೆಂದು ಭಕ್ತರು ನಂಬುವ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪಕ್ಕೆ ಪ್ರತಿವರ್ಷ ಫೆಬ್ರವರಿಯಲ್ಲಿ ರಾಜ್ಯದ ನಾನಾ ಭಾಗಗಳಿಂದ ಲಂಬಾಣಿಗರು ಬಂದು ಸೇರುತ್ತಾರೆ. ಆ ಹೊತ್ತಿನಲ್ಲಿ ಅನೇಕ ತಾಂಡಾಗಳ ಮನೆಗಳು ಬೀಗ ಹಾಕಿಕೊಂಡಿರುತ್ತವೆ. ಹರಪನಹಳ್ಳಿ, ಹಡಗಲಿ ಸೀಮೆಯ ಕುಟುಂಬಗಳು ಮುಂಗಡ ಹಣ ಪಡೆದು ಮಂಡ್ಯದ ಕಬ್ಬಿನ ಗದ್ದೆಗಳಿಗೂ ಮ���ೆನಾಡಿನ ಕಾಫಿ ತೋಟಗಳಿಗೂ, ವಿಜಯಪುರ ಕಲಬುರಗಿ ಕಡೆಯವರು ಮಹಾರಾಷ್ಟ್ರದ ಕಬ್ಬಿನ ಕಟಾವಿಗೂ ಹೋಗಿರುತ್ತಾರೆ. ಸಕ್ಕರೆ ಕಾರ್ಖಾನೆಯ ಪೂರೈಕೆ ಸರಪಳಿಯಲ್ಲಿ, ಕಡಿದ ಕಬ್ಬು ಒಣಗುವ ಮುನ್ನ ಗಾಣಕ್ಕೆ ಮುಟ್ಟಬೇಕಾದ ಆ ಮೊದಲ ಮೈಲಿಯಲ್ಲಿ, ಅವರೇ ಇದ್ದಾರೆ. ರೈತನಿಗೆ ಸಂದಾಯವಾಗುವ ಬೆಲೆಯ ಚೀಟಿಯಲ್ಲಿ ಅವರ ಉಲ್ಲೇಖ ‘ಕಟಾವು ಮತ್ತು ಸಾಗಾಣಿಕೆ ವೆಚ್ಚ’ ಎಂಬ ಒಂದೇ ಸಾಲಿನದು. ಅದನ್ನು ಕಳೆಯುವ ಲೆಕ್ಕಕ್ಕೆ ಬರೆಯಲಾಗುತ್ತದೆ.